ಹೊರಗೆ ನಿಂತು ಕರಣಿ ಬಡಿದ ಗೌಂಡಿ

ಅವರು ಕೂತದ್ದನ್ನು ನಾನು ಎರಡೇ ಸಲ ನೋಡಿದ್ದೇನೆ. ಉಳಿದ ಹೊತ್ತೆಲ್ಲ ನಿಂತಿರುವರು, ಇಲ್ಲವೆ ತಿರುಗಾಡುತ್ತಿರುವರು. ಮಜ್ಜಿಗೆ ಕೊಟ್ಟರೆ ನಿಂತೇ ಕುಡಿದು ಚರಿಗೆಯನ್ನು ಕಟ್ಟೆಯ ಮೇಲಿಡುವರು. ಎಲೆ ಅಡಿಕೆ ಕೊಟ್ಟರೆ ನಡೆಯುತ್ತ ನಡೆಯುತ್ತ ಎಲೆಗೆ ಸುಣ್ಣ ಸವರುವರು. ಏನಾದರೂ ಕೇಳಿದರೆ ನಮ್ಮ ಮುಖ ನೋಡದೆ ನಮ್ಮ ಬೆನ್ನ ಹಿಂದಿನ ಗೋಡೆ ನೋಡಿ ಉತ್ತರ ಕೊಡುವರು. ಹೊಸದಾಗಿ ಸೊಸೆಯಾಗಿ ಬಂದಿದ್ದ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಮನುಷ್ಯನಾದವನು ಒಂದು ಗಳಿಗೆ ಕೂತು ಮಾತಾಡಬಾರದೆ ಅನ್ನಿಸುತ್ತಿತ್ತು.

ಹೋದ ಸೋಮವಾರ ಅವರ ಮಗ ಕಿನ್ನಾಳದಿಂದ ಬಂದು, ಅಪ್ಪ ತೀರಿಕೊಂಡ ಸುದ್ದಿ ಹೇಳಿ ಹೋದರು. "ನಿಮಗ ತಪ್ಪದ ಹೇಳಿ ಬರಬೇಕಂತ ಅಪ್ಪಾರ ಮೊದಲ ಹೇಳಿಟ್ಟಿದ್ರು ನೋಡ್ರಿ" ಅಂದರು. ಅವತ್ತಿನಿಂದ ನನಗೂ ಕೂತಲ್ಲಿ ಕೂಡಲು ಆಗುತ್ತಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ತಿರುಗುತ್ತಿದ್ದೇನೆ. "ಏನಾಗೇತ್ರಿ ಅತ್ತಿ ನಿಮಗ?" ಅಂತ ಸೊಸೆ ಎರಡು ಸಲ ಕೇಳಿದಳು. ಏನಂತ ಹೇಳಲಿ? ಅದಕ್ಕೇ ಬರೆಯಲು ಕೂತಿದ್ದೇನೆ. ತವರೂರು ಮರಳಿಯ ಮಠದಲ್ಲಿ ಅಯ್ಯನವರ ಹತ್ತಿರ ಕಲಿತ ಅಕ್ಷರ ಇವು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಅವರ ಹೆಸರು ಮಾತ್ರ ಬರೆಯುವುದಿಲ್ಲ. ಎಷ್ಟೋ ವರ್ಷ ಈ ಸೀಮೆಯ ಜನ ಆ ಹೆಸರನ್ನು ದನಿ ತಗ್ಗಿಸಿ ಹೇಳಿದರು. ಹಾಗಾಗಲು ನಾನೂ ಕಾರಣ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಇಲ್ಲಿಯೂ ಹಾಗೇ ಅನ್ನುತ್ತೇನೆ.

ನಾನು ಮದುವೆಯಾಗಿ ತಳಕಲ್ಲಿಗೆ ಬಂದ ಎರಡನೇ ವರ್ಷ ನಮ್ಮ ಮಾವನವರು ಹೊಸ ಮನೆ ಕಟ್ಟಲು ಹೊರಟರು. ನಿಜಾಮರ ಕಾಲ ಅದು. ಕನ್ನದ ಕಾಟ ಬಹಳ ಇತ್ತು. ಹಿಂದಿನ ಗೋಡೆಗೆ ಆಳು ನುಸುಳುವಷ್ಟು ತೂತು ಕೊರೆದು ಕಳ್ಳರು ಮನೆ ಗುಡಿಸಿ ಒಯ್ಯುತ್ತಿದ್ದರು, ಮಲಗಿದವರಿಗೆ ಮಗ್ಗಲು ಬದಲಿಸುವಷ್ಟೂ ಎಚ್ಚರ ಆಗುತ್ತಿರಲಿಲ್ಲ. ಮಾವನವರಂತೂ ಮೊದಲೇ ಪುಕ್ಕಲು ಸ್ವಭಾವದವರು. ಎಲೆಚೀಲದಲ್ಲಿ ಅಡಿಕೆಗಿಂತ ಕೀಲಿಕೈಗಳೇ ಹೆಚ್ಚು. ಕಳ್ಳರು ಮುಟ್ಟಲಾಗದ ಮನೆ ಕಟ್ಟುವವರು ಯಾರು ಅಂತ ಯಲಬುರ್ಗಿ, ಕುಷ್ಟಗಿ, ಕೊಪ್ಪಳ ಎಲ್ಲ ಕಡೆ ವಿಚಾರಿಸಿದರು. ಎಲ್ಲರೂ ಒಂದೇ ಹೆಸರು ಹೇಳಿದರು. ಕಿನ್ನಾಳ ಅಂದರೆ ಜನಕ್ಕೆ ಬಣ್ಣದ ಕಟ್ಟಿಗೆಯ ಗೊಂಬೆಗಳು ನೆನಪಾಗುತ್ತವೆ. ಆ ಊರಿನಲ್ಲಿ ಕಲ್ಲು ಕಟ್ಟುವ ಇಂಥ ಗೌಂಡಿಗಳೂ ಇದ್ದರು.

ಕಾಕಾ ಬಂದ ದಿನ ಮಾವನವರು ಬಾಗಿಲಿನ ಮಾತೇ ಎತ್ತಿದರು. ತೇಗಿನ ಬಾಗಿಲು ಮಾಡಿಸುತ್ತೇನೆ, ಕಬ್ಬಿಣದ ಪಟ್ಟಿ ಹೊಡೆಸುತ್ತೇನೆ, ಎರಡೆರಡು ಅಗಳಿ ಇಡಿಸುತ್ತೇನೆ ಅಂತ. ಕಾಕಾ ಮಾವನವರ ಬೆನ್ನ ಹಿಂದೆ ನೋಡುತ್ತ ಅಂದರು: "ಕಳ್ಳ ಬಾಗಲದಾಗಿಂದ ಬರಂಗಿಲ್ರಿ ಯಜಮಾನ್ರ. ಬಾಗಲಕ್ಕ ನೀವು ಎಷ್ಟರ ಕಬ್ಬಣ ಹೊಡಸ್ರಿ, ಅವ ಗ್ವಾಡಿಗೆ ಬರ್ತಾನ."

ಎರಡು ಮೊಳ ದಪ್ಪದ ಗೋಡೆ ಎಬ್ಬಿಸಿದರು. ಒಳಮೈ ಕಲ್ಲು ಮಣ್ಣಿನದು, ಹೊರಮೈಯೂ ಕಲ್ಲಿನದು, ನಡುವೆ ಒಂದು ಗೇಣು ಖಾಲಿ ಬಿಟ್ಟು ಅದರ ತುಂಬ ಹಳ್ಳದ ಒಣ ಉಸುಕು. ಹೊರಗಿನಿಂದ ಒಂದು ಕಲ್ಲು ಕಿತ್ತರೆ ಸಾಕು, ಉಸುಕು ಸುರಿಯತೊಡಗುತ್ತದೆ. ತೆಗೆದಷ್ಟೂ ಮೇಲಿನಿಂದ ಇಳಿಯುತ್ತದೆ. ಬೆಳಗಿನತನಕ ತೆಗೆದರೂ ಕಳ್ಳನಿಗೆ ತೂತು ಸಿಗುವುದಿಲ್ಲ. ತಲೆಬಾಗಿಲನ್ನು ಬೇಕಂತಲೇ ಗಿಡ್ಡ ಮಾಡಿದರು. "ಬಂದಾವ ತಲಿ ಬಗ್ಗಿಸಿ ಬರಬೇಕು. ಒಳಗಿದ್ದವ್ರಿಗೆ ಅಷ್ಟರಾಗ ಒಂದು ಗಳಿಗಿ ಸಿಗತೈತಿ" ಅಂದರು. ಆ ಮನೆಗೆ ಹೋದ ಮೊದಲ ವಾರವೇ ಬಾಗಿಲಿಗೆ ನನ್ನ ಹಣೆ ಬಡಿದು ಬಾವು ಬಂದಿತ್ತು, ಅದು ಬೇರೆ ಮಾತು.

ಒಂದೊಂದು ವರಸೆ ಕಲ್ಲು ಏರಿದಾಗಲೂ ಕಾಕಾ ಬಲಗೈಯ ನಡುಬೆರಳು ಮಡಚಿ ಗೆಣ್ಣಿನಿಂದ ಬಡಿಯುವರು. ಟಕ್ ಟಕ್ ಅಂತ ಗೋಡೆಯ ಉದ್ದಕ್ಕೂ ಹೋಗುವರು. ಒಂದು ಕಡೆ ನಿಂತು ಕಲ್ಲು ಕೀಳಿಸಿ ಮತ್ತೆ ಕೂಡಿಸುವರು. ನಮಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆ ಬೆರಳಿಗೆ ಸುಮ್ಮನಿರುವುದೇ ಗೊತ್ತಿರಲಿಲ್ಲ. ಯಾರ ಮನೆಯ ಮುಂದೆ ನಿಂತರೂ ಕಟ್ಟೆಯನ್ನೋ ಕಂಬವನ್ನೋ ಬಡಿಯುತ್ತಿರುತ್ತಿತ್ತು.

ಗೋಡೆ ಮುಗಿದು ಮೇಲೆ ಮಣ್ಣಿನ ಮಾಳಿಗೆ ಹಾಕಿ ಆದ ಮೇಲೆ ಒಂದು ವಿಚಿತ್ರ ನಡೆಯಿತು. ಒಳಮೈಗೆ ಇನ್ನೂ ಮಣ್ಣು ಸಾರಿಸಿರಲಿಲ್ಲ. ಕಾಕಾ ಮಾವನವರಿಗೆ ಎರಡು ದಿನ ಗೌಂಡಿ ಕೆಲಸ ಕಲಿಸಿದರು. ಕಲ್ಲು ಹೇಗೆ ಸಡಿಲಿಸಬೇಕು, ಹಿಂದಿನ ಮಣ್ಣು ಎಷ್ಟು ತೋಡಬೇಕು, ಒಡವೆ ಬಚ್ಚಿಡುವ ಆ ಗೂಡಿನಲ್ಲಿ ಇಡುವುದನ್ನು ಇಟ್ಟು ಹೇಗೆ ಮುಚ್ಚಬೇಕು, ಎಲ್ಲ. ಮೂರನೇ ದಿನ ಹೆಂಗಸರಾದ ನಮ್ಮನ್ನೂ ನಮ್ಮ ಮನೆಯವರನ್ನೂ ಇನ್ನೂ ಹುಡುಗನಾಗಿದ್ದ ಮೈದುನನನ್ನೂ ಹನುಮಪ್ಪನ ಗುಡಿಗೆ ಕಳಿಸಿದರು. ಮಾವನವರೊಬ್ಬರೇ ಒಳಗೆ. ಕಾಕಾ ಹೊರಗೆ ರಸ್ತೆಯಲ್ಲಿ ಮನೆಗೆ ಬೆನ್ನು ಮಾಡಿ ನಿಂತು, ಒಂದು ಹಾಸುಗಲ್ಲಿನ ಮೇಲೆ ಮಣ್ಣು ಮೆತ್ತುವ ಕರಣಿ ಬಡಿಯತೊಡಗಿದರು. ಮುಂಜಾನೆಯಿಂದ ಊಟದ ಹೊತ್ತು ದಾಟುವತನಕ ಆ ಸದ್ದು ಓಣಿಯ ತುಂಬ ಕೇಳುತ್ತಿತ್ತು. ಗೌಂಡಿ ಹೊರಗಿದ್ದಾನೆ, ನೋಡುತ್ತಿಲ್ಲ ಅಂತ ಊರಿಗೆ ಗೊತ್ತಾಗಲಿ ಅಂತ. ಗುಡಿಯ ಕಟ್ಟೆಯ ಮೇಲೆ ಕೂತ ನಾನು ನಕ್ಕೂ ನಕ್ಕೂ ಸುಸ್ತಾದೆ. ಅತ್ತಿ ತೊಡೆಗೆ ಚಿವುಟಿದರು.

ನನ್ನ ನಾಲಗೆ ಉದ್ದ. ಸಂಜೆ ಮಜ್ಜಿಗೆ ಕೊಡುವಾಗ ಕೇಳಿಯೇಬಿಟ್ಟೆ. "ಅದೇನ್ರಿ ಕಾಕಾರ, ಮೂರ್ತ ಇಲ್ಲದ ಮದುವಿಗೆ ಬಾಜಾ ಬಾರಿಸಿದಂಗ?"

ಅವರು ನಗಲಿಲ್ಲ. ಚರಿಗೆ ಹಿಡಿದು ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗುತ್ತ ಹೇಳಿದರು. ಅವರ ತಂದೆಯೂ ಗೌಂಡಿ. ತಾವೇ ಗೂಡು ಮಾಡಿ ತಾವೇ ಮುಚ್ಚಿಕೊಡುತ್ತಿದ್ದವರು. ಒಂದು ಮನೆಯಲ್ಲಿ ಕಳವಾಯಿತು. ಕಳ್ಳ ನೆಟ್ಟಗೆ ಗೂಡಿಗೇ ಕೈ ಹಾಕಿದ್ದ. ಗೂಡು ಗೊತ್ತಿದ್ದವರು ಮನೆಯ ಯಜಮಾನ ಮತ್ತು ಗೌಂಡಿ. ತಂದೆಯನ್ನು ಎಂಟು ದಿನ ಠಾಣೆಯಲ್ಲಿ ಇಟ್ಟುಕೊಂಡರು. ಕಡೆಗೆ ಒಯ್ದವನು ಯಜಮಾನನ ಭಾವಮೈದುನ ಅಂತ ಗೊತ್ತಾಗಿ ಬಿಟ್ಟು ಕಳಿಸಿದರು. "ಅಪ್ಪ ಬಂದ. ಬಂದಮ್ಯಾಲ ಅವನ ಬಲಗೈ ಬಟ್ಟು ಕರಣಿ ಹಿಡೀಲಿಲ್ಲ ತಂಗೆವ್ವ, ಮಡಚತಿದ್ದಿಲ್ಲ. ಉಣ್ಣೂದೂ ಎಡಗೈಲೆ. ಅದಕ ನಾ ಹೊರಗ ನಿಂದರ್ತೀನಿ." ಚರಿಗೆ ಕಟ್ಟೆಯ ಮೇಲಿಟ್ಟು, "ಮನಿ ಕಟ್ಟೂದು ಸಸಾರ. ಕಟ್ಟಿದ್ದನ್ನ ಮರಿಯೂದ ಕಷ್ಟ" ಅಂದರು. ಬೆಳಿಗ್ಗೆ ನಕ್ಕದ್ದಕ್ಕೆ ನನಗೆ ಬಹಳ ಕೆಟ್ಟದೆನಿಸಿತು.

ಮರುದಿನದಿಂದ ಅತ್ತಿ ಮತ್ತು ನಾನು ಕೆಂಪು ಮಣ್ಣು, ಸಗಣಿ ಕಲಸಿ ಇಡೀ ಮನೆಯ ಒಳಗೋಡೆ ಸಾರಿಸಿದೆವು. ಗೂಡು ಎಲ್ಲಿದೆ ಅಂತ ನಮಗೂ ಗೊತ್ತಾಗದಂತೆ ಮಾವನವರು ಮೊದಲೇ ನಾಲ್ಕೂ ಗೋಡೆಗೆ ಅಲ್ಲಲ್ಲಿ ಹಸಿ ಮಣ್ಣು ಮೆತ್ತಿ ಇಟ್ಟಿದ್ದರು. "ನನಗರ ಹೇಳ್ರಿ" ಅಂತ ಅತ್ತಿ ಕೇಳಿದರೆ, "ಹೆಂಗಸರ ಬಾಯಾಗ ಮಾತು ನಿಲ್ಲಂಗಿಲ್ಲ. ಹೊತ್ತು ಬಂದಾಗ ಹೇಳ್ತೀನಿ" ಅಂದರು. ಆ ಗೂಡಿನಲ್ಲಿ ಇದ್ದದ್ದು ಯಾರದು? ಅತ್ತಿಯ ಬೋರಮಾಳ ಸರ, ಅತ್ತಿ ಸೊಂಟಕ್ಕೆ ಕಟ್ಟುತ್ತಿದ್ದ ಬೆಳ್ಳಿಯ ಡಾಬು. ಜೊತೆಗೆ ಹಿತ್ತಾಳೆಯ ನಳಿಕೆಯಲ್ಲಿ ಸುತ್ತಿಟ್ಟ ಹೊಲದ ಕಾಗದ. ಈಗಲೂ ಆ ಮಾತು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಮನೆ ಶಾಂತಿಯ ದಿನ ಕಾಕಾನ ತಲೆಗೆ ಹೊಸ ಪಟಗಾ ಸುತ್ತಿಸಿ, ಕಾಯಿ ಕೊಟ್ಟು, ಎಲ್ಲರೂ ಕೂಡಿ ಒಳಗೆ ಕರೆದುಕೊಂಡು ಹೋದರು. ನಾನು ಆರತಿ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದೆ. ಮಂದಿಯ ನಡುವೆ ಅವರ ಬೆನ್ನು ಕಾಣುತ್ತಿತ್ತು. ಅವರು ನಡೆಯುತ್ತಿದ್ದಂತೆ ಆ ಬೆರಳು ತನ್ನ ಪಾಡಿಗೆ ತಾನು ಗೋಡೆ ಬಡಿಯುತ್ತ ಹೋಯಿತು. ಒಮ್ಮೆಲೇ ನಿಂತಿತು. ಸುಡುವ ಹಂಚು ಮುಟ್ಟಿದವರ ಹಾಗೆ ಕೈ ಎಳೆದುಕೊಂಡು ಸುತ್ತ ನೋಡಿದರು. ನೋಡಿದವಳು ನಾನೊಬ್ಬಳೇ. ಊಟಕ್ಕೂ ನಿಲ್ಲದೆ ಹೊರಟುಹೋದರು. ಆಮೇಲೆ ಎಷ್ಟು ಸಲ ಬಂದರೂ ಹೊಸ್ತಿಲು ದಾಟಲಿಲ್ಲ. ಏನೋ ಮನಸ್ಸಿಗೆ ಬೇಜಾರಾಗಿದೆ ಅಂದುಕೊಂಡು ನಾನು ಯಾರಿಗೂ ಹೇಳಲಿಲ್ಲ.

ಮುಂದಿನ ವರ್ಷ ಒಂದು ಮುಂಜಾನೆ ಹಿತ್ತಲಿಗೆ ಹೋದರೆ ಗೋಡೆಯ ಬುಡದಲ್ಲಿ ಮೊಣಕಾಲೆತ್ತರ ಉಸುಕಿನ ಗುಡ್ಡೆ. ಎರಡು ಕಲ್ಲು ಕಿತ್ತು ಬಿದ್ದಿದ್ದವು. ಕಳ್ಳರು ಒಂದು ಬುಟ್ಟಿಯನ್ನೂ ಬಿಟ್ಟು ಓಡಿದ್ದರು, ಪಾಪ, ಉಸುಕು ತುಂಬಿ ತುಂಬಿ ಸಾಕಾಗಿರಬೇಕು. ಆ ಬುಟ್ಟಿಯಲ್ಲಿ ನಾವು ಬಹಳ ದಿನ ಕುಳ್ಳು ತಂದೆವು. ಕಾಕಾ ಬಂದು ಕಲ್ಲು ಕೂಡಿಸಿ, ಮಾಳಿಗೆ ಏರಿ ಮೇಲಿನಿಂದ ಹೊಸ ಉಸುಕು ತುಂಬಿ ಹೋದರು. ಮಾವನವರು ಊರೆಲ್ಲ ತಿರುಗಿ ಆ ಕಥೆ ಹೇಳಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ನೋಡಲಿಲ್ಲ.

ಯಾಕೆಂದರೆ ಅದಾಗಿ ಎರಡೇ ವರ್ಷಕ್ಕೆ ಅವರಿಗೆ ಲಕ್ವಾ ಹೊಡೆಯಿತು. ಮೈಯ ಒಂದು ಭಾಗ ಸತ್ತಿತು, ನಾಲಗೆ ನಿಂತಿತು. ಮೂರು ದಿನ ಪಡಸಾಲೆಯಲ್ಲಿ ಮಲಗಿ ಕಣ್ಣು ಮಾತ್ರ ತಿರುಗಿಸುತ್ತಿದ್ದರು. ಅತ್ತಿ ಕಿವಿಯ ಹತ್ತಿರ ಬಗ್ಗಿ, "ಎಲ್ಲೈತ್ರಿ? ಈ ಗ್ವಾಡ್ಯಾಗೇನು? ಆ ಗ್ವಾಡ್ಯಾಗೇನು?" ಅಂತ ಕೇಳಿದರು. ಅವರು ಎಲ್ಲ ಗೋಡೆಯನ್ನೂ ನೋಡಿದರು. ಬಾಯಿಯ ಒಂದು ಮೂಲೆ ಅಲುಗುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಕಳ್ಳರಿಗೆ ಹೆದರಿ ಮನೆಯವರಿಂದ ಮುಚ್ಚಿಟ್ಟರು, ಮುಚ್ಚಿಟ್ಟುಕೊಂಡೇ ಹೋದರು.

ಮಣ್ಣು ಮಾಡಿ ತಿಂಗಳು ಕಳೆದಿರಲಿಲ್ಲ, ಮಾವನವರ ದಾಯಾದಿಯೊಬ್ಬ ನಮ್ಮ ಎರೆಹೊಲ ತನ್ನದು ಅಂತ ಕಚೇರಿಗೆ ಅರ್ಜಿ ಕೊಟ್ಟ. ನಮಗೆ ಅನ್ನ ಕೊಡುತ್ತಿದ್ದದ್ದು ಅದೊಂದೇ ಹೊಲ. ಯಲಬುರ್ಗಿಯ ಕಚೇರಿಯಲ್ಲಿ ತಹಶೀಲ್ದಾರರು, ಕಾಗದ ಇದ್ದರೆ ತನ್ನಿ, ಇಲ್ಲದಿದ್ದರೆ ಹೊಲ ಅವನಿಗೆ ಅಂದರಂತೆ. ಮುಂದಿನ ಪೇಶಿಗೆ, ಅಂದರೆ ವಿಚಾರಣೆಯ ದಿನಕ್ಕೆ, ಹನ್ನೊಂದು ದಿನ ಇತ್ತು.

ನಮ್ಮ ಮನೆಯವರು ಹಾರೆ ಹಿಡಿದು ಗೋಡೆಗೆ ಬಿದ್ದರು. ಆಗ ನನಗೆ ಕಾಕಾನ ಕೈ ನಿಂತದ್ದು ನೆನಪಾಯಿತು. ಬಾಗಿಲಿನಿಂದ ನೋಡಿದ ಅಂದಾಜಿನಲ್ಲಿ, ಪಡಸಾಲೆಯ ಉದ್ದ ಗೋಡೆ ಇರಬೇಕು ಅಂದೆ. ಆ ಗೋಡೆ ಐದು ಅಂಕಣ ಉದ್ದ. ಮೂರು ಕಡೆ ತೋಡಿದರು. ಮಾವನವರು ಎಷ್ಟು ಆಳದಲ್ಲಿ ಇಟ್ಟಿದ್ದಾರೋ ಗೊತ್ತಿಲ್ಲದೆ ಆಳಕ್ಕೇ ತೋಡಿದರು. ಮೂರೂ ಕಡೆ ಉಸುಕು ಬಂತು. ಪಡಸಾಲೆಯೊಳಗೆ ಉಸುಕು ಸುರಿದು ರಾಶಿ ಬಿದ್ದಿತು, ಮೇಲಿನ ತೊಲೆ ಲಟಕ್ ಅಂದಿತು. ಇನ್ನೊಂದು ಕಡೆ ತೋಡಿದ್ದರೆ ಮಾಳಿಗೆ ನಮ್ಮ ತಲೆಯ ಮೇಲೆ ಬರುತ್ತಿತ್ತು. ಕಳ್ಳರಿಗೆ ಮಾಡಿದ ಗೋಡೆ ನಮ್ಮನ್ನೇ ಹೊರಗಿಟ್ಟಿತು. ಅತ್ತಿ ಆ ಉಸುಕಿನ ಮೇಲೇ ಕೂತು ಅತ್ತರು.

ಮಾರನೇ ದಿನ ಗಾಡಿ ಕಟ್ಟಿಕೊಂಡು ಮೂವರೂ ಕಿನ್ನಾಳಕ್ಕೆ ಹೋದೆವು. ಕಾಕಾ ಯಾರದೋ ಮನೆಯ ಗೋಡೆಯ ಮೇಲೆ ನಿಂತು ಕಲ್ಲು ಕೂಡಿಸುತ್ತಿದ್ದರು. ಅತ್ತಿ ಕೆಳಗೆ ನಿಂತು ಎಲ್ಲ ಹೇಳಿದರು.

"ನನಗ ಗೊತ್ತಿಲ್ರಿ ಅವ್ವಾರ" ಅಂದರು ಕಾಕಾ. "ಆ ದಿನ ನಾ ರಸ್ತೇದಾಗ ಇದ್ದೆ. ನಿಮ್ಮ ಊರಿಗೆ ಊರ ಕೇಳೇತಿ."

ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು ಗಾಡಿಯ ಕಡೆ ತಿರುಗಿದರು. ನನಗೆ ತಡೆಯಲಾಗಲಿಲ್ಲ. "ಕಾಕಾರ, ಮನಿ ಶಾಂತಿ ದಿನ ಗ್ವಾಡಿ ಬಡಕೋತ ಹೊಂಟಾಗ ನಿಮ್ಮ ಕೈ ಯಾಕ ನಿಂತಿತ್ತು?" ಅಂತ ಕೇಳಿದೆ.

ಕರಣಿ ಕೆಳಗಿಟ್ಟರು. ಇಳಿದು ಬಂದರು. ಅಲ್ಲೇ ಒಂದು ಕಲ್ಲಿನ ಮೇಲೆ ಕೂತರು. ಅವರು ಕೂತದ್ದನ್ನು ಮೊದಲ ಸಲ ನೋಡಿದ್ದು ಆಗ. ಮೊದಲ ಸಲ ನನ್ನ ಮುಖ ನೋಡಿ ಕೇಳಿದರು: "ನೋಡಿದ್ದೇನವ್ವ ನೀ?"

"ನೋಡಿದ್ದೆ ರೀ."

"ಯಾರ ಮುಂದನೂ ಹೇಳಿದ್ದಿಲ್ಲ?"

"ಮೊನ್ನೆ ತನಕ ಇಲ್ರಿ."

ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಗುಚಿ ಹಾಕಿ ನೋಡಿದರು. "ಕಣ್ಣು ಮುಚ್ಚಬಹುದು, ಬೆನ್ನ ತಿರಿವಿ ನಿಂದರಬಹುದು. ಈ ಕೈಗೇನ್ ಮಾಡ್ಲಿ? ಮುಟ್ಟಿದ್ರ ಸಾಕು, ಇದಕ ಗೊತ್ತಾಗತೈತಿ. ಅದಕ ಕಟ್ಟಿದ ಮನಿಯೊಳಗ ನಾ ಕಾಲಿಡಂಗಿಲ್ಲ. ನಿಮ್ಮ ಮಾವಾರ ಮುಲಾಜಿಗೆ ಬಿದ್ದು ಅವತ್ತೊಂದಿನ ಇಟ್ಟೆ."

ಅತ್ತಿ ಅವರ ಹತ್ತಿರ ಬಂದು ಮೆಲ್ಲಗೆ ಅಂದರು: "ಇಲ್ಲೇ ಕಿವಿಯಾಗ ಹೇಳಿಬಿಡ್ರಿ. ನಾವು ಹೋಗಿ ತಗೋತೀವಿ. ಯಾರಿಗೂ ಗೊತ್ತಾಗಂಗಿಲ್ಲ."

"ಹಂಗ ಆಗಂಗಿಲ್ರಿ. ಕಾಗದ ಗ್ವಾಡಿಯಾಗಿಂದ ಬಂದಿದ್ದನ್ನ ಊರ ಹಿರ್ಯಾರು ನೋಡಬೇಕು. ಇಲ್ಲಂದ್ರ ನಿಮ್ಮ ದಾಯಾದಿ ಏನಂತಾನ? ನಿನ್ನಿ ಮೊನ್ನಿ ಬರಸ್ಯಾರ ಅಂತಾನ. ಕಚೇರ್ಯಾಗ ನಂಬಂಗಿಲ್ಲ." ಎದ್ದು ನಿಂತರು, ಎರಡು ಹೆಜ್ಜೆ ಹೋಗಿ ತಿರುಗಿ ಬಂದರು. "ಎಷ್ಟು ಮನಿ ಕಟ್ಟೇನಿ ಗೊತ್ತೇನ್ರಿ ಅವ್ವಾರ? ಎಲ್ಲಾರೂ ಗೌಂಡಿಗೆ ಗೊತ್ತಿಲ್ಲ ಅಂತ ನಿಶ್ಚಿಂತಿ ಮಲಗ್ಯಾರ. ನಾಳೆ ನಾ ನಿಮ್ಮ ಗ್ವಾಡಿ ಮುಟ್ಟಿ ತೋರಿಸಿದ್ರ ನನ್ನ ಕರಣಿ ಮುಗೀತು." ಮತ್ತೆ ತಿರುಗಾಡಿದರು. ಕಡೆಗೆ ಅತ್ತಿಯನ್ನು ಕೇಳಿದರು, "ಅದೊಂದ ಹೊಲ ಏನ್ರಿ ನಿಮಗ?"

"ಅದೊಂದ ರೀ."

"ಬರ್ತೀನಿ ಹೋಗ್ರಿ. ನಾಲ್ಕು ಮಂದಿ ಹಿರ್ಯಾರನ್ನ ಕರಸಿಡ್ರಿ. ಆ ದಾಯಾದಿನ್ನೂ ಕರೀರಿ."

ಮೂರನೇ ದಿನ ನಡುಮಧ್ಯಾಹ್ನ ಬಂದರು. ಅಂಗಳದ ತುಂಬ ಮಂದಿ. ಕಾಕಾ ಕಾಲು ತೊಳೆದು, ಹೊಸ್ತಿಲಿಗೆ ಕೈ ಮುಗಿದು ಒಳಗೆ ಬಂದರು. ಉಸುಕಿನ ರಾಶಿ ದಾಟಿ ನೆಟ್ಟಗೆ ನಡೆದರು. ನಾನು ಹೇಳಿದ ಉದ್ದ ಗೋಡೆಯಲ್ಲ, ಅದು ತಿರುಗುವ ಮೂಲೆಯಾಚೆ, ದೇವರ ಕೋಣೆಯ ಬಾಗಿಲಿನ ಮಗ್ಗುಲಿಗೆ. ಬೆರಳು ಮಡಚಿ ಮೂರು ಸಲ ಬಡಿದರು. "ಇಲ್ಲೈತಿ" ಅಂದರು. ಅಷ್ಟೇ. ನಮ್ಮ ಮನೆಯವರು ಕಲ್ಲು ಸಡಿಲಿಸುವುದರೊಳಗೆ ಅವರು ಹೊರಗೆ ಹೋಗಿ ರಸ್ತೆಯಲ್ಲಿ ಮನೆಗೆ ಬೆನ್ನು ಮಾಡಿ ನಿಂತಿದ್ದರು. ಇನ್ನೇನು ಮುಚ್ಚಿಡುವುದು ಉಳಿದಿತ್ತು? ಆದರೂ ನಿಂತಿದ್ದರು.

ನಳಿಕೆ ಬಂತು, ಡಾಬು ಬಂತು, ಸರ ಬಂತು. ದಾಯಾದಿ ಮುಖ ಕೆಳಗೆ ಹಾಕಿ ಎದ್ದು ಹೋದ. ಹೊಲ ಉಳಿಯಿತು. ಆದರೆ ಹಿರಿಯರಲ್ಲಿ ಒಬ್ಬರ ಮನೆಯನ್ನೂ ಕಾಕಾನೇ ಕಟ್ಟಿದ್ದರು. ಆ ಹಿರಿಯರು ಹೊರಗೆ ಬಂದು, "ಹಂಗಾರ ನಮ್ಮನೀದೂ ನಿನಗ ಗೊತ್ತೇನಪಾ?" ಅಂದರು.

"ಕಟ್ಟಿದಮ್ಯಾಲ ನಿಮ್ಮ ಮನಿಯೊಳಗ ನಾ ಬಂದಿಲ್ರಿ" ಅಂದರು ಕಾಕಾ.

ಹಿರಿಯರು ನೆಟ್ಟಗೆ ತಮ್ಮ ಮನೆಗೆ ನಡೆದರು. ಅವತ್ತು ಸಂಜೆಯೇ ಅವರ ಮನೆಯಲ್ಲಿ ಕಲ್ಲು ಕೀಳುವ ಸದ್ದು ಕೇಳಿತು. ಸುದ್ದಿ ಹಬ್ಬಿಸಿದವನು ದಾಯಾದಿ ಅಂತ ಜನ ತಿಳಿದಿದ್ದಾರೆ. ಅವನಿಗಿಂತ ಹೆಚ್ಚು ಹಬ್ಬಿಸಿದವರು ನಮ್ಮ ಅತ್ತಿ. ಸಂತೆಗೆ ಹೋದಲ್ಲಿ, ನೀರಿಗೆ ಹೋದಲ್ಲಿ, "ದೇವರಂಥಾ ಮನಿಷ್ಯಾ. ಕೈ ಇಟ್ರ ಸಾಕು, ಗ್ವಾಡಿ ತಾನ ಹೇಳತೈತಿ" ಅಂತ ಹೊಗಳಿದರು. ಅವರು ಹೊಗಳಿದಷ್ಟೂ ಜನ ಹೆದರಿದರು. ಒಂದು ತಿಂಗಳಲ್ಲಿ ಕಾಕಾ ಕಟ್ಟಿದ ಮನೆಗಳಲ್ಲಿ ಗೂಡು ಬದಲಾಗಿ ಒಳಗೋಡೆಗಳಿಗೆಲ್ಲ ಹೊಸ ಮಣ್ಣಿನ ತೇಪೆಗಳು ಬಿದ್ದವು. ಕಿನ್ನಾಳದಲ್ಲಿ ಅರ್ಧ ಎದ್ದಿದ್ದ ಆ ಮನೆಯವರು ಬೇರೆ ಗೌಂಡಿಯನ್ನು ಕರೆಸಿದರು. ಕುಷ್ಟಗಿ ಕಡೆಯ ಒಂದು ಊರಿನಲ್ಲಿ ಕಳವಾಯಿತು. ಅದು ಕಾಕಾ ಕಟ್ಟಿದ ಮನೆಯೂ ಅಲ್ಲ. ಆದರೂ ಠಾಣೆಗೆ ಕರೆದು ನಾಲ್ಕು ದಿನ ಕೂಡಿಸಿದರು. ಕೈಗೆ ಏನೂ ಮಾಡಲಿಲ್ಲ, ಅಷ್ಟೇ ಪುಣ್ಯ.

ಮನೆ ಕಟ್ಟುವುದು ಬಿಟ್ಟು ಅವರು ಬಾವಿಗೆ ಇಳಿಯುವ ಪಾವಟಿಗೆ ಮೆಟ್ಟಿಲು, ಹೊಲದ ಒಡ್ಡು ಕಟ್ಟತೊಡಗಿದರು. ಎರಡು ವರ್ಷದ ಮೇಲೆ ನಾನು ತವರಿಗೆ ಹೋಗುವಾಗ ದಾರಿಯ ಮಗ್ಗುಲಿನ ಒಂದು ಬಾವಿಯಲ್ಲಿ ಅವರನ್ನು ಕಂಡೆ. ಗಾಡಿ ನಿಲ್ಲಿಸಿ ಇಳಿದು ಹೋದೆ. "ಎಲ್ಲಾ ನನ್ನಿಂದ ಆತ್ರಿ ಕಾಕಾರ. ನಾ ಬಾಯಿ ಬಿಡಬಾರದಿತ್ತು" ಅಂದೆ. ಅಳು ಬಂತು.

ಅವರು ಕೈಕಾಲು ಕೆಸರಾಗಿ ಪಾವಟಿಗೆಯ ಮೇಲೆ ನಿಂತಿದ್ದರು. "ನೀ ನೋಡಿದ್ದನ್ನ ನೋಡೇನಿ ಅಂದಿ. ಗೊತ್ತಿದ್ದನ್ನ ಗೊತ್ತಿಲ್ಲ ಅಂದಾವ ನಾನು" ಅಂದರು. ಆಮೇಲೆ ಬಾವಿಯ ಕಲ್ಲು ಬಡಿಯುತ್ತ, "ಇದೂ ಛಲೋ ಐತಿ ತಂಗೆವ್ವ. ಬಾವ್ಯಾಗ ಯಾರೂ ಏನೂ ಮುಚ್ಚಿಡಂಗಿಲ್ಲ" ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು ಅದು. ಅವರ ಕಣ್ಣು ದೂರದ ಊರಿನ ಮನೆಗಳ ಕಡೆಗೇ ಇತ್ತು.

ಮತ್ತೆ ಎಷ್ಟೋ ವರ್ಷ ಕಳೆದವು. ನಮ್ಮ ಮೈದುನ ಬೇರೆಯಾದ. ಕಾಕಾ ಮೊದಲು ಕಟ್ಟಿದ ಮನೆ ಅವನಿಗೆ ಹೋಯಿತು, ನಾವು ಊರಿನ ಆಚೆ ತುದಿಗೆ ಹೊಸ ಮನೆ ಕಟ್ಟುವುದಾಯಿತು. ನಿಜಾಮರ ಆಳ್ವಿಕೆ ಮುಗಿಯುತ್ತಿದ್ದ ಗದ್ದಲದ ದಿನಗಳು ಅವು. ಇವತ್ತು ಆ ಊರು ಸುಲಿದರಂತೆ, ನಾಳೆ ಈ ಊರಿಗೆ ಬರುತ್ತಾರಂತೆ ಅಂತ ದಿನಾ ಸುದ್ದಿ. ಒಬ್ಬರು ಇನ್ನೊಬ್ಬರನ್ನು ನಂಬುತ್ತಿರಲಿಲ್ಲ. ನಮ್ಮ ಮನೆಯವರು ಬೇರೆ ಗೌಂಡಿಯನ್ನು ನೋಡಿಬಂದರು. ನಾನು, ಕಾಕಾ ಕಟ್ಟದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂದೆ. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅತ್ತಿಯೂ ನನ್ನ ಕಡೆ ಸೇರಿದರು. ಅತ್ತೆ ಸೊಸೆ ಒಂದಾದದ್ದು ನಮ್ಮ ಮನೆಯಲ್ಲಿ ಅದೇ ಮೊದಲು, ನಮ್ಮ ಮನೆಯವರು ಹೆದರಿ ಕಿನ್ನಾಳಕ್ಕೆ ಹೋದರು.

ಕಾಕಾಗೆ ಆಗ ಮೈ ಇಳಿದಿತ್ತು, ಮೀಸೆ ಬೆಳ್ಳಗಾಗಿತ್ತು. "ಮಂದಿ ಏನಂದಾರು?" ಅಂದರು. ಆದರೂ ಬಂದರು. ಅದೇ ಎರಡು ಮೊಳದ ಗೋಡೆ, ಅದೇ ಉಸುಕು, ಅದೇ ಗಿಡ್ಡ ಬಾಗಿಲು. ಗೂಡು ಮುಚ್ಚುವ ದಿನ ಬಂದಾಗ ಅತ್ತಿ, "ಈ ಸಲ ಹೆಣ್ಮಕ್ಕಳು ಮುಚ್ಚಲಿ" ಅಂದರು. ಕಾಕಾ ಎರಡು ದಿನ ನನಗೆ ಕಲ್ಲು ತೆಗೆದು ಕೂಡಿಸುವುದನ್ನು ಕಲಿಸಿದರು. ಮೂರನೇ ದಿನ ನಾನೊಬ್ಬಳೇ ಒಳಗೆ. ಹೊರಗೆ ಕರಣಿಯ ಸದ್ದು ಶುರುವಾಯಿತು. ಮೊದಲಿನ ಹಾಗೆ ಜೋರಿಲ್ಲ. ನಡುನಡುವೆ ನಿಲ್ಲುತ್ತಿತ್ತು, ಕೈ ಸೋಲುತ್ತಿತ್ತು ಅಂತ ಕಾಣುತ್ತದೆ. ನಿಂತ ಕೂಡಲೇ, ಯಾರಾದರೂ ತಪ್ಪು ತಿಳಿದಾರು ಅಂತ ಹೆದರಿದವರ ಹಾಗೆ ಮತ್ತೆ ಗಡಿಬಿಡಿಯಿಂದ ಬಡಿಯುತ್ತಿದ್ದರು. ಒಳಗೆ ನಿಂತ ನನಗೆ ಅದನ್ನು ಕೇಳಿ ಸಹಿಸಲು ಆಗಲಿಲ್ಲ. ಲಗು ಲಗು ಕಲ್ಲು ಮುಚ್ಚಿ ಹೊರಗೆ ಬಂದೆ.

"ಸಾಕ ಬಿಡ್ರಿ ಕಾಕಾರ. ಒಳಗ ಬರ್ರಿ, ಊಟ ಮಾಡಾಕ."

"ಇಲ್ಲೇ ಕಟ್ಟಿ ಮ್ಯಾಲ ಕೊಡವ್ವ."

"ಒಳಗ ಬಡಸೇನಿ."

ಎದುರಿನ ಕಟ್ಟೆಗಳ ಮೇಲೆ ಮಂದಿ ನೋಡುತ್ತಿದ್ದರು. ಕಾಕಾ ಹೆಗಲ ಮೇಲಿನ ವಸ್ತ್ರ ತೆಗೆದರು. ಎರಡೂ ಕೈಯನ್ನು ಅದರಲ್ಲಿ ಸುತ್ತಿ ಎದೆಗೆ ಅವುಚಿಕೊಂಡರು. ಹಾಗೇ ತಲೆ ಬಗ್ಗಿಸಿ ಒಳಗೆ ಬಂದು, ಎರಡೂ ಗೋಡೆಯಿಂದ ದೂರ, ಪಡಸಾಲೆಯ ನಟ್ಟನಡುವೆ ಕೂತರು. ಎರಡನೇ ಸಲ ಅವರು ಕೂತದ್ದನ್ನು ನೋಡಿದ್ದು ಅದು. ನಾನು ತಂಬಿಗೆ ಹಿಡಿದು ಮುಂದೆ ನಿಂತೆ. ಊಟಕ್ಕೆ ಕೂತವರ ಕೈಗೆ ನೀರು ಹಾಕಬೇಕಲ್ಲ. ಅವರು ನನ್ನನ್ನು ನೋಡಿದರು, ತಂಬಿಗೆಯನ್ನು ನೋಡಿದರು. ನಾನು ಅಲ್ಲಾಡಲಿಲ್ಲ. ಕಡೆಗೆ ವಸ್ತ್ರ ಬಿಚ್ಚಿ ಕೈ ಹೊರಗೆ ತೆಗೆದರು. ನೀರು ಹಾಕಿದೆ.

ಅತ್ತಿ, ನಮ್ಮ ಮನೆಯವರು ಇಬ್ಬರೂ ಅಲ್ಲೇ ಇದ್ದರು. ಮೂವರಿಗೂ ಕೇಳುವಂತೆ, ಗೂಡು ಯಾವ ಗೋಡೆಯಲ್ಲಿ, ಎಷ್ಟನೇ ಕಲ್ಲು ಅಂತ ಹೇಳಿದೆ. ನಮ್ಮ ಮನೆಯವರು ಬೆಚ್ಚಿಬಿದ್ದು ನನ್ನನ್ನು ನೋಡಿದರು. ಕಾಕಾ ಮುರಿದ ರೊಟ್ಟಿ ಕೈಯಲ್ಲೇ ಹಿಡಿದು, "ನನಗ್ಯಾಕ ಹೇಳಿದಿ?" ಅಂದರು.

"ಗೊತ್ತಿರಲಿ ನಿಮಗ. ಒಬ್ಬರಿಗ ಗೊತ್ತಿದ್ರ ಏನಾಗತೈತಿ ನೋಡೇವಲ್ರಿ."

ಅವರು ತಲೆ ಬಗ್ಗಿಸಿ ಆ ರೊಟ್ಟಿ ತಿಂದು ಮುಗಿಸಿದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು. ಮೂರು ರೊಟ್ಟಿ ಉಂಡರು. ಊಟ ಆದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದರು.

ಆ ಮನೆಯಲ್ಲೇ ನಾನು ಈಗ ಇರುವುದು. ಗೂಡು ಇದ್ದಲ್ಲೇ ಇದೆ. ಅತ್ತಿ ಹೋದರು, ನಮ್ಮ ಮನೆಯವರು ಹೋದರು, ಸೋಮವಾರ ಕಾಕಾನೂ ಹೋದ ಸುದ್ದಿ ಬಂತು. ಈಗ ನನಗೊಬ್ಬಳಿಗೇ ಗೊತ್ತು. ಹೋದ ವಾರದಿಂದ ಕೂತಲ್ಲಿ ಕೂಡಲು ಆಗದೆ ಇರುವುದು ಇದಕ್ಕೇ ಅಂತ ಇದನ್ನು ಬರೆಯುತ್ತ ಬರೆಯುತ್ತ ತಿಳಿಯಿತು.

ಈಗಷ್ಟೇ ಎದ್ದು ಹೋಗಿ, ಬೆರಳು ಮಡಚಿ ಆ ಗೋಡೆ ಬಡಿದು ನೋಡಿದೆ. ಗೂಡಿನ ಮೇಲೆ ಬಡಿದೆ, ಆಚೆ ಬಡಿದೆ, ಈಚೆ ಬಡಿದೆ. ನನ್ನ ಕೈಗೆ ಎಲ್ಲ ಕಡೆಯೂ ಒಂದೇ ಸದ್ದು.

"ಯಾರ್ರಿ ಅತ್ತಿ ಬಾಗಲಾ ಬಡದವ್ರು?" ಅಂತ ಸೊಸೆ ಅಡುಗೆಮನೆಯಿಂದ ಕೇಳಿದಳು.

"ಯಾರಿಲ್ಲ, ನಾನ. ಕೈ ತೊಳಕೊಂಡು ಇಲ್ಲಿ ಬಾ" ಅಂದೆ.